ಹಿನ್ನೀರಿನ ನಡುವೆ ನಿಂತ ಎಂಜಿನ್

ಆಚೆ ದಡದ ನನ್ನ ಹೊಲ ಅಳೆಯಲು ಇವತ್ತು ಸರ್ವೇಯವರು ಬರುತ್ತಾರೆ. ನಾನಿಲ್ಲದಿದ್ದರೆ ಮೈದುನ ಬಾಂದುಕಲ್ಲನ್ನು ತನಗೆ ಬೇಕಾದ ಕಡೆ ತೋರಿಸುತ್ತಾನೆ. ಅದಕ್ಕೇ ಹೇಮಾವತಿ ಹಿನ್ನೀರು ದಾಟಲು, ಎಸ್ಟೇಟ್ ಧಣಿ ಮಂಗಳೂರಿಂದ ತಂದಿಟ್ಟಿರುವ ಹಾಯಿದೋಣಿ ಹತ್ತಿದೆ. ಅದನ್ನು ನಡೆಸುವ ಮಂಜ ಮೈದುನನ ಹೆಂಡತಿ ಕಡೆಯವನೆಂದು ಹತ್ತಿದ ಮೇಲೆ ನೆನಪಾಯಿತು.

ಗಾಳಿಯೇ ಇರಲಿಲ್ಲ. ಹಾಯಿ ಒಣಹಾಕಿದ ಸೀರೆಯಂತೆ ಜೋತುಬಿದ್ದಿತ್ತು. ಮಂಜ ಎಂಜಿನ್ ಹಾಕಿದ. ನಡುನೀರಿಗೆ ಬರುತ್ತಲೇ ಅದು ಕಾದು ಹೊಗೆಯಾಡಿತು. ಮಂಜ ಆರಿಸಿದ.

"ತಣ್ಣಗಾಗಕ್ಕೆ ಇದು ಕೆಳಗಿಂದ ನೀರು ಎಳ್ಕೋಬೇಕು ಕಣಜ್ಜಿ. ಬಾಯಿ ಕಟ್ಕೊಂಡೈತೆ" ಎಂದು ದೋಣಿಯ ತಳದ ಪೈಪನ್ನೇ ಬಿಚ್ಚಿದ.

"ದೋಣೀಲಿ ತೂತಿದ್ರೆ ಮುಚ್ತಾರೆ. ನೀನು ಬಿಚ್ತೀಯಲ್ಲೋ."

"ನೀರು ಬರ್ದಿದ್ರೇನೇ ಕೆಟ್ಟದ್ದು. ಸುಮ್ಕಿರಿ."

ನನಗೆ ಈಜು ಬಾರದು ಎಂಬುದು ಊರಿಗೆಲ್ಲ ಗೊತ್ತು. ಅಂಚನ್ನು ಬಿಗಿಯಾಗಿ ಹಿಡಿದು ಅವನ ಕೈಯನ್ನೇ ನೋಡುತ್ತ ಕೂತೆ. ತಂತಿಯ ಕೊಕ್ಕೆ ತೂರಿಸಿ ಕೆದಕಿ ಎಳೆದ. ನೀರು ಬುಸ್ಸೆಂದು ಒಳನುಗ್ಗಿತು. ಅವನು ಪೈಪಿನ ವಾಲ್ವ್ ತಿರುಗಿಸಿ ನಿಲ್ಲಿಸಿದ. ಕೊಕ್ಕೆಗೆ ಸಿಕ್ಕಿದ್ದು ಜೊಂಡಲ್ಲ, ಗಟ್ಟಿಯಾಗಿ ಸುತ್ತಿದ ಪಂಚೆಯ ಚೂರು.

"ಇಲ್ಲಿ ಮೀನು ಪಂಚೆ ಉಡ್ತವೇನೋ?"

"ನೀರಲ್ಲಿ ಏನೇನೋ ತೇಲ್ತಾ ಇರ್ತದೆ ಅಜ್ಜಿ."

ನನ್ನ ಮುಖ ನೋಡದೆ ಹೇಳಿದ. ಪೈಪು ಸಿಕ್ಕಿಸಿದ ಮೇಲೆ ಎಂಜಿನ್ ಸಲೀಸಾಗಿ ಓಡಿತು. ನಾನು ಹೋಗಿ ಆ ಪೈಪಿನ ಪಕ್ಕದಲ್ಲೇ ಕೂತೆ.

ದಡದಲ್ಲಿ ಮೈದುನ ಒಬ್ಬನೇ ನಿಂತಿದ್ದ. ಸರ್ವೇಯವರು ಇನ್ನೂ ಬಂದಿರಲಿಲ್ಲ. ಅವನು ನನ್ನನ್ನು ಮಾತಾಡಿಸಲಿಲ್ಲ, ಮಂಜನನ್ನು ಕೇಳಿದ: "ಇಷ್ಟು ಬೇಗ ಬಂದ್ಬುಟ್ರಾ?"