ಕೊಡ ಇಡುವ ಕಟ್ಟೆ

ನಮ್ಮ ಅತ್ತೆ ಗುರಮ್ಮ ನೆಲೋಗಿಯಲ್ಲಿ ಯಾರಿಗೂ ಹೆದರಿದವಳಲ್ಲ. ಹೊಲದ ಬದು ಒತ್ತಿದ ಭಾವನನ್ನು ಊರ ಮುಂದೆಯೇ ತರಾಟೆಗೆ ತೆಗೆದುಕೊಂಡವಳು. ಕೈ ಮಾಡಿದರೂ ನಿಲ್ಲಿಸದೆ ಹೋದ ಬಸ್ಸಿನ ಡ್ರೈವರನನ್ನು ಮರುದಿನ ಅದೇ ಬಸ್ಸು ಹತ್ತಿ ಜೇವರ್ಗಿಯ ತನಕ ಬೈದವಳು. ಅಂಥವಳಿಗೆ ಗಂಡನ ಮಾತು ಬಂದರೆ ಮಾತ್ರ ಬಾಯಿಗೆ ಬೀಗ ಬೀಳುತ್ತಿತ್ತು. ಹೆಸರು ಹೇಳುವುದಂತೂ ದೂರ ಉಳಿಯಿತು, ಮಂದಿ ಇದ್ದಾಗ ನಮ್ಮ ಮಾವ ಶಾಂತಲಿಂಗಪ್ಪನವರ ಕಡೆ ಮುಖ ಮಾಡಿ ನಿಲ್ಲುತ್ತಲೂ ಇರಲಿಲ್ಲ. ನಾನು ಆಳಂದದಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಇವರಿಬ್ಬರೂ ಮಾತು ಬಿಟ್ಟಿದ್ದಾರೆಂದೇ ತಿಳಿದಿದ್ದೆ.

ಮಾತಿತ್ತು. ಅದು ಅಡುಗೆಮನೆಯಲ್ಲಿತ್ತು. ಮುಂಜಾನೆ ಲಿಂಗಪೂಜೆ ಮುಗಿಸಿ ಮಾವ ಒಳಗೆ ಬಂದು ಒಲೆಯ ಪಕ್ಕದ ಮಣೆಯ ಮೇಲೆ ಕೂಡುವರು. ಅತ್ತೆ ರೊಟ್ಟಿ ಬಡಿದು, ಬೇಯಿಸಿ, ಹಂಚಿನ ಮೇಲಿಂದ ನೇರ ಅವರ ಗಂಗಾಳಕ್ಕೆ ಹಾಕುವಳು. ಜೊತೆಗೆ ಪುಂಡಿಪಲ್ಲೆ, ಶೇಂಗಾ ಹಿಂಡಿ, ಒಂದಿಷ್ಟು ಕೆನೆಮೊಸರು. ಆಗ ಶುರುವಾಗುತ್ತಿತ್ತು ಇಬ್ಬರ ಮಾತು. ಎಮ್ಮೆ ಗಬ್ಬಾದದ್ದು, ಇಜೇರಿಗೆ ಕೊಟ್ಟ ಮಗಳ ಸುದ್ದಿ, ಒಮ್ಮೊಮ್ಮೆ ಎಂದೋ ತೀರಿಕೊಂಡ ಚೊಚ್ಚಲ ಕೂಸಿನ ಮಾತು. ಎಲ್ಲ ಪಿಸುಮಾತೇ. ಮಾವನಿಗೆ ಕಿವಿ ಮಂದ, ಆದರೆ ಮಣೆ ಅಷ್ಟು ಹತ್ತಿರವಿದ್ದುದರಿಂದ ಕೇಳಿಸುತ್ತಿತ್ತು. ಪಡಸಾಲೆಯಲ್ಲಿ ಹೂಂ, ಹ್ಞಾಂ ಬಿಟ್ಟು ಬಾಯಿ ತೆರೆಯದ ಮನುಷ್ಯ ಅಲ್ಲಿ ಕೂತು ನಗುವುದನ್ನು ನಾನೇ ಕೇಳಿದ್ದೇನೆ. ಆ ಹೊತ್ತಿಗೆ ನಾನು ಬೇಕೆಂತಲೇ ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅತ್ತೆಯ ಮೊಣಕಾಲು ಕೈಕೊಟ್ಟವು. ಕೂತರೆ ಏಳಲಾಗದು, ಎದ್ದರೆ ಕೂಡಲಾಗದು. ಬೀಸುವ ಕಲ್ಲಿನ ಗೂಟ ಹಿಡಿದು, ಶರಣರನ್ನೆಲ್ಲ ಸಾಲಾಗಿ ನೆನೆದು ಏಳುವಳು. ಕಲಬುರಗಿಯ ಡಾಕ್ಟರು ಇನ್ನು ನೆಲಕ್ಕೆ ಕೂಡಲೇಬಾರದು ಎಂದುಬಿಟ್ಟರು. ಅದೇ ಸುಮಾರಿಗೆ, ಹೆಸರು ಬರೆಸಿ ಕಾದಿದ್ದ ಗ್ಯಾಸ್ ಸಿಲಿಂಡರಿನ ಪಾಳಿಯೂ ನಮಗೆ ಬಂತು. ನನ್ನ ಗಂಡನಿಗೆ ಹುರುಪೋ ಹುರುಪು. ಅಡುಗೆಮನೆ ಒಡೆದು ಹೊಸದು ಮಾಡೋಣ, ನಿಂತು ಅಡುಗೆ ಮಾಡುವ ಕಟ್ಟೆ, ಗೋಡೆಗೆ ಬಿಳಿ ಟೈಲ್ಸ್, ಉಣ್ಣಲು ಪಡಸಾಲೆಯಲ್ಲಿ ಟೇಬಲ್ಲು ಎಂದು ಕುಣಿದಾಡಿದರು.

ಟೇಬಲ್ಲಿನ ಮಾತು ಬಂದದ್ದೇ ಅತ್ತೆಯ ಮುಖ ಸಪ್ಪಗಾಯಿತು. ಆಮೇಲೆ ಜೋಳ ಹಸನು ಮಾಡುತ್ತ ನನ್ನ ಹತ್ತಿರ ಬಾಯಿಬಿಟ್ಟಳು.

"ಮಲ್ಕಮ್ಮ, ನಾ ನಿಂತು ರೊಟ್ಟಿ ಬಡಿಯಾಕತ್ರ ನಿಮ್ಮ ಮಾವ ಎಲ್ಲಿ ಕೂಡ್ತಾರ?"

"ಟೇಬಲ್ಲಿಗಿ ಕೂಡ್ತಾರಲ್ರೀ ಅತ್ತಿ. ಬಿಸಿ ರೊಟ್ಟಿ ನಾ ಒಯ್ದು ಹಾಕ್ತೇನಿ."

"ರೊಟ್ಟಿ ಒಯ್ತಿ. ಮಾತು ಯಾರು ಒಯ್ತಾರ?" ಎಂದಳು. "ಕೆಳಗ ಮಣಿ ಹಾಕಿದ್ರೂ ಅವರ ಕಿವಿ ನನ್ನ ಕಾಲ ಹತ್ರ ಆಗ್ತದ. ಈ ವಯಸ್ಸಿನ್ಯಾಗ ಮನಿ ಮಂದಿಗೆಲ್ಲ ಕೇಳೂಹಂಗ ಒದರ್ಲೇನು?"

ಅಡುಗೆಮನೆಯೆಂದರೆ ನನಗೆ ಹೊಗೆ, ಮಸಿ, ಸಾರಿಸಿದಷ್ಟೂ ಏಳುವ ನೆಲ. ಅದರೊಳಗೊಂದು ಸಂಸಾರವೇ ಇದೆಯೆಂದು ಗೊತ್ತಿದ್ದರೂ, ಅದಕ್ಕೆ ಇನ್ನೆಲ್ಲೂ ಜಾಗವಿಲ್ಲವೆಂದು ಹೊಳೆದಿರಲಿಲ್ಲ.

ಗಾರೆ ಕೆಲಸಕ್ಕೆ ಹಿಡಿದದ್ದು ಜೇವರ್ಗಿಯ ಗೌಂಡಿ ಶರಫುದ್ದೀನನನ್ನು. ಕೈ ಬಲು ಚೊಕ್ಕ, ಬಾಯಿಯೂ ಅಷ್ಟೇ ಉದ್ದ. ಕಲ್ಲು ಆರಿಸಲು ಅತ್ತೆ ತಾನೇ ಬರುತ್ತೇನೆಂದು ಹೊರಟಳು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಡಬ್ಬಿ. ಬುತ್ತಿಯಿರಬೇಕೆಂದುಕೊಂಡೆ. ಕಲ್ಲಿನ ಅಡ್ಡೆಯಲ್ಲಿ ಮಾಲೀಕ ಕಲ್ಯಾಣಪ್ಪ ಕರಿ ಕಡಪ ಕಲ್ಲನ್ನು ಒರೆಸಿ, "ಮುಖ ಕಾಣಸ್ತದ ನೋಡ್ರಿ ಇದರಾಗ" ಎಂದ.

"ಮುಖ ನೋಡ್ಕೊಳ್ಳಾಕ ಕನ್ನಡಿ ಅದ ಮನ್ಯಾಗ," ಎಂದು ಅತ್ತೆ ಡಬ್ಬಿ ಬಿಚ್ಚಿದಳು. ಒಳಗಿದ್ದದ್ದು ನಾದಿದ ಜೋಳದ ಹಿಟ್ಟು! ಕಲ್ಲಿನ ಮೇಲೆ ಒಣಹಿಟ್ಟು ಉದುರಿಸಿ, ನಿಂತಲ್ಲೇ ಪಟಪಟ ರೊಟ್ಟಿ ಬಡಿಯತೊಡಗಿದಳು. ಕಲ್ಲು ಕೊಳ್ಳಲು ಬಂದವರೆಲ್ಲ ಸುತ್ತ ನೆರೆದರು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಕರಿ ಕಲ್ಲಿಗೆ ಹಚ್ಚಿದ ಎಣ್ಣೆಯ ವಾಸನೆ ಹಿಟ್ಟಿಗೆ ಹತ್ತಿತೆಂದು ಅದನ್ನು ಬಿಟ್ಟಳು. ಒರಟು ಪರಸಿ ಕಲ್ಲಿನ ಮೇಲೆ ರೊಟ್ಟಿ ಕಚ್ಚಿಕೊಂಡು ಕೂತಿತು. ಕೊನೆಗೆ ಹೊಳಪು ಕೊಟ್ಟ ಶಹಾಬಾದ ಪರಸಿಯ ಮೇಲೆ ಬಡಿದಾಗ ರೊಟ್ಟಿ ಅಂಗೈ ಕೆಳಗೆ ಸರಾಗವಾಗಿ ಸುತ್ತು ತಿರುಗಿತು.

"ಇದು ಹಾಕ್ರಿ," ಎಂದು ಕೈ ಝಾಡಿಸಿದಳು. ಕಲ್ಯಾಣಪ್ಪನಿಗೆ ಸಿಟ್ಟಿಗೇಳಬೇಕೋ ನಗಬೇಕೋ ತಿಳಿಯಲಿಲ್ಲ.

ಕಟ್ಟೆಯ ಎತ್ತರ ಅತ್ತೆಯ ಸೊಂಟಕ್ಕೆ ಸರಿಯಾಗಿ ಬಂತು. ಟೈಲ್ಸ್ ನನ್ನ ಆಸೆಯಂತೆ ಬಿಳಿ. ನೆಲಕ್ಕೆ ಪರಸಿ, ಗೋಡೆಯಲ್ಲಿ ಡಬ್ಬಿ ಇಡಲು ಮಾಡ. ಎಲ್ಲ ಸುಸೂತ್ರ. ಆಮೇಲೆ ಅತ್ತೆ ಕಟ್ಟೆಯ ಮಗ್ಗುಲಿಗೆ, ಒಲೆ ಇಡುವ ಜಾಗದ ಹತ್ತಿರವೇ, ಇನ್ನೊಂದು ಸಣ್ಣ ಕಟ್ಟೆ ಬೇಕೆಂದಳು.

"ಯಾತಕ್ಕರೀ ಅವ್ವಾರ?" ಎಂದ ಶರಫುದ್ದೀನ.

ಅತ್ತೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಹೇಳಿಬಿಡಲಿ ಎಂದು ಕಣ್ಣಿನಲ್ಲೇ ತಿವಿದೆ. ಗಂಡ ಕೂಡಲಿಕ್ಕೆ ಎಂಬ ಎರಡು ಮಾತು ಅವಳ ಬಾಯಿಂದ ಹೊರಡಲಿಲ್ಲ. ನಾನೇ ಹೇಳೋಣವೆಂದರೆ, ಅತ್ತೆ ಮಾವ ಮಗ್ಗುಲಲ್ಲಿರಲು ಜಾಗ ಮಾಡಪ್ಪ ಎಂದು ಸೊಸೆ ಗೌಂಡಿಯ ಮುಂದೆ ಹೇಳುವುದು ಹೇಗೆ?

"ಕೊಡ ಇಡಾಕ," ಎಂದಳು ಅತ್ತೆ.

"ಒಲಿ ಹತ್ರ ಕೊಡ ಯಾರು ಇಡ್ತಾರ್ರೀ? ನೀರು ಬೆಚ್ಚಗಾಗ್ತಾವ."

"ನಮ್ಮ ಮನ್ಯಾಗ ಬೆಚ್ಚನ್ನ ನೀರಽ ಕುಡೀತಾರ. ಮೊಣಕಾಲೆತ್ತರ ಇರ್ಲಿ. ಅಗಲ ಇರ್ಲಿ. ಅಂಚು ನುಣ್ಣಗ ಮಾಡು, ಚುಚ್ಚಬಾರದು."

"ಕೊಡಕ್ಕ ಏನು ಚುಚ್ಚತದ್ರೀ?" ಎಂದು ಶರಫುದ್ದೀನ ತಲೆ ಕೆರೆದುಕೊಂಡ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ.

ಕೆಲಸ ಮುಗಿದ ದಿನ ಶರಫುದ್ದೀನ ನಮ್ಮಿಬ್ಬರನ್ನೂ ಕರೆದು ತೋರಿಸಿದ. ಸಣ್ಣ ಕಟ್ಟೆಯ ಅಂಚು ಹೇಳಿದಂತೆ ನುಣ್ಣಗಿತ್ತು. ಮೊಣಕಾಲೆತ್ತರ, ಬೇಕಾದಷ್ಟು ಅಗಲ. ಆದರೆ ನಟ್ಟನಡುವೆ ಪರಸಿಯನ್ನು ಗುಂಡಗೆ ಕೆತ್ತಿ ದೊಡ್ಡದೊಂದು ಕುಳಿ ಮಾಡಿದ್ದ.

"ನುಣ್ಣಗಿನ ಕಲ್ಲಿನ ಮ್ಯಾಲ ತುಂಬಿದ ಕೊಡ ಜಾರ್ತದ್ರೀ. ಅದಕ್ಕಽ ಕೂಡಾಕ ಜಾಗಾ ಮಾಡೀನಿ. ನೀವು ಹೇಳಿರ್ಲಿಲ್ಲ, ನಾನಽ ವಿಚಾರ ಮಾಡಿ ಮಾಡಿದೆ," ಎಂದ ಹೆಮ್ಮೆಯಿಂದ.

ಅತ್ತೆ ಆ ಕುಳಿಯ ಸುತ್ತ ಕೈಯಾಡಿಸಿದಳು. ಬಸ್ಸಿನ ಡ್ರೈವರನನ್ನು ಬೈದ ಬಾಯಿ ಅದೇ. "ಚಲೋ ಆಗ್ಯಾದಪ್ಪ," ಎಂದಳು. ತಾನೇ ಹೋಗಿ ಕೊಡ ತುಂಬಿಕೊಂಡು ಬಂದು ಅದರೊಳಗಿಟ್ಟಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು. ನನ್ನ ನಗುವೂ ಹಾರಿಹೋಯಿತು.

ಮರುದಿನ ಹೊಸ ಕಟ್ಟೆಯ ಮೇಲೆ ಮೊದಲ ರೊಟ್ಟಿ. ಶರಫುದ್ದೀನ ಉಳಿದ ಸಾಮಾನು ಒಯ್ಯಲು ಬಂದು ಅಂಗಳದಲ್ಲಿ ಗಾರೆ ಮೆತ್ತಿದ ಕರಣಿ ತೊಳೆಯುತ್ತಿದ್ದ. ನನ್ನ ಗಂಡ ಪಡಸಾಲೆಯಲ್ಲಿ ಟೇಬಲ್ಲು ಒರೆಸಿ ಅಪ್ಪನಿಗಾಗಿ ಕಾದಿದ್ದರು. ಮಾವ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದವರು ಟೇಬಲ್ಲಿನ ಕಡೆ ತಿರುಗಿಯೂ ನೋಡದೆ ನೇರ ಅಡುಗೆಮನೆಗೆ ನಡೆದರು. ಮಣೆ ಹುಡುಕಿದರು. ಇರಲಿಲ್ಲ. ಅತ್ತೆ ಬೆನ್ನು ತಿರುಗಿಸಿ ಹಿಟ್ಟು ನಾದುತ್ತಲೇ ಇದ್ದಳು.

ಮಾವ ಸಣ್ಣ ಕಟ್ಟೆ ನೋಡಿದರು, ಕೊಡ ನೋಡಿದರು. ಕೊಡ ಎತ್ತಿ ನೆಲಕ್ಕಿಟ್ಟರು. ಹೆಗಲ ಮೇಲಿನ ವಲ್ಲಿ ಮಡಚಿ ಕುಳಿಯೊಳಗೆ ತುರುಕಿ, ಅದರ ಮೇಲೆ ಕೂತರು. ಅವರ ಕಿವಿ ಸರಿಯಾಗಿ ಅತ್ತೆಯ ಮೊಣಕೈ ಹತ್ತಿರ ಬಂತು.

"ಬರಾಬರ್ ಕೂಡ್ತದ ನೋಡು," ಎಂದರು.

ಅತ್ತೆ ತಲೆ ತಗ್ಗಿಸಿಯೇ ಏನೋ ಅಂದಳು.

"ಏನಂದಿ?"

"ನಿಮ್ಮ ಸಲುವಾಗೇ ಮಾಡಿಸೀನ್ರಿ ಅಂದೆ."

"ಹ್ಞಾಂ? ಕೇಳವಲ್ದು."

ಅತ್ತೆ ರೊಟ್ಟಿ ಬಿಟ್ಟು ತಿರುಗಿದಳು. "ಕೊಡಕ್ಕಲ್ಲ, ನಿಮ್ಮ ಸಲುವಾಗಿ ಮಾಡಿಸೀನಿ! ನೀವು ನನ್ನ ಹತ್ರ ಕೂಡಬೇಕಂತ!" ಎಂದು ಒದರಿದಳು. ಪಡಸಾಲೆಯಲ್ಲಿ ನನ್ನ ಗಂಡ ಒರೆಸುವುದನ್ನು ನಿಲ್ಲಿಸಿದರು. ಅಂಗಳದಲ್ಲಿ ಶರಫುದ್ದೀನ ಕರಣಿ ಹಿಡಿದುಕೊಂಡೇ ಎದ್ದು ನಿಂತ.

"ಅಯ್ಯ, ಮೊದಲಽ ಹೇಳಬಾರದೇನ್ರಿ ಅವ್ವಾರ! ಸಿಮೆಂಟ ಉಳದದ, ಈಗಽ ಕುಳಿ ಮುಚ್ಚಿ ಕೊಡ್ತೇನಿ," ಎಂದು ಅಲ್ಲಿಂದಲೇ ಕೂಗಿದ.

"ಮುಚ್ಚಬ್ಯಾಡೋ ಮಾರಾಯ, ಇದರಾಗ ಚಲೋ ಕೂತೇನಿ," ಎಂದು ಮಾವ ತಕ್ಷಣ ಉತ್ತರ ಕೊಟ್ಟರು.

ಅಂಗಳದ ಮಾತು ಅವರಿಗೆ ಅಷ್ಟು ಸ್ಪಷ್ಟ ಕೇಳಿಸಿತ್ತು. ಅತ್ತೆಗೆ ಅದು ಹೊಳೆಯಲು ಒಂದು ಗಳಿಗೆ ಹಿಡಿಯಿತು.

"ಹಂಗಾರ ನಾ ಮೊದಲು ಅಂದದ್ದು?"

"ಕೇಳಿಸಿತ್ತು," ಎಂದು ಮಾವ ಗಂಗಾಳ ಮುಂದೆ ಚಾಚಿದರು. "ಇನ್ನೊಮ್ಮಿ ಕೇಳಬೇಕನಿಸ್ತು."

ಅತ್ತೆ ಮುಂದಿನ ರೊಟ್ಟಿಯನ್ನು ಬಡಿದ ರಭಸಕ್ಕೆ ಅದು ಹರಿದೇ ಹೋಯಿತು. ನಾನು ಹಿತ್ತಲಿಗೆ ನಡೆದೆ.