ಹಿರೇಕೆರೂರಾಗ ಯಾರೂ ಇಲ್ಲ

ನಮ್ಮ ಸೊಸೆ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀವು ಅವಳನ್ನು ತಪ್ಪು ತಿಳಿಯಬಾರದು ನೋಡಿ. ಹೋದ ವಾರ ಅಟ್ಟದ ಸಾಮಾನು ಇಳಿಸುವಾಗ ಅವಳಿಗೆ ಒಂದು ಹಿತ್ತಾಳೆ ಚಂಬು ಸಿಕ್ಕಿತು. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹೊಳೆಯಿಸಿ, ಅದರಲ್ಲಿ ಪ್ಲಾಸ್ಟಿಕ್ ಹೂಗಳನ್ನು ಸಿಕ್ಕಿಸಿ ಟೀವಿಯ ಪಕ್ಕ ಇಟ್ಟಳು. "ಎಷ್ಟ ಚಲೋ ಕಾಣತೈತಿ ಅಲ್ರಿ?" ಅಂದಳು. ಹೌದು ಅಂದೆ. ಆದರೆ ಹುಣಸೆಯ ಹುಳಿಯೂ ಹಿತ್ತಾಳೆಯೂ ಕೂಡಿದ ಆ ವಾಸನೆ ಮೂಗಿಗೆ ಬಂದದ್ದೇ ತಡ, ನಮ್ಮ ದುರ್ಗವ್ವ ಬಂದು ಎದುರಿಗೆ ಕೂತ ಹಾಗಾಯಿತು. ಆ ದಿನ ಟೀವಿಯಲ್ಲಿ ಏನು ಬಂತೋ ನನಗೆ ಗೊತ್ತಿಲ್ಲ.

ದುರ್ಗವ್ವ ನನ್ನ ಅಪ್ಪನ ಅಕ್ಕ. ತಡಸದಲ್ಲಿ ದಲಿತರ ಕೇರಿಯಲ್ಲಿ ನಮ್ಮ ಮನೆ. ಈಚಲು ಗರಿಯಿಂದ ಕಸಬರಿಗೆ ಕಟ್ಟಿ, ಹೊರೆ ಹೊತ್ತುಕೊಂಡು ಶಿಗ್ಗಾಂವಿ, ಸವಣೂರು, ಹಾನಗಲ್ಲು, ಅಕ್ಕಿಆಲೂರು ಎಂದು ಸಂತೆಯಿಂದ ಸಂತೆಗೆ ತಿರುಗುವುದು ಆಕೆಯ ಕಸುಬು. "ನನ್ನ ಕಸಬರಿಗಿ ಅವರ ದೇವರ ಕ್ವಾಣಿ ತನಕ ಹೋಗತೈತಿ, ನಾ ಮಾತ್ರ ಅಂಗಳ ದಾಟಂಗಿಲ್ಲ. ದೊಡ್ಡಾಕಿ ನಾನೋ, ಕಸಬರಿಗೀನೋ?" ಎಂದು ಕೇಳಿ ತಾನೇ ನಗುತ್ತಿದ್ದಳು. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಬಸ್ಸಿನಲ್ಲಿ ಟಿಕೀಟು ಎಲ್ಲರಿಗೂ ಒಂದೇ, ಇಳಿದ ಮೇಲೆ ನೀರು ಒಂದೇ ಅಲ್ಲ. ಚಹಾದ ಹೋಟೆಲುಗಳಲ್ಲಿ ನಮ್ಮವರಿಗೆಂದು ಹೊರಗೆ ಸೂರಿನ ಕೆಳಗೆ ಒಂದು ಹಲಗೆ, ಅದರ ಮೇಲೆ ನಾಲ್ಕಾರು ಗ್ಲಾಸು. ನಾವೇ ತೆಗೆದು, ತೊಳೆದು ಹಿಡಿಯಬೇಕು. ಅವರು ಎತ್ತರದಿಂದ ಚಹಾ ಸುರಿಯುತ್ತಾರೆ. ಹೊರಗೇ ಕುಡಿದು, ಮತ್ತೆ ತೊಳೆದು, ಮೊದಲಿದ್ದಲ್ಲೇ ಬೋರಲು ಹಾಕಬೇಕು.

ದುರ್ಗವ್ವ ಆ ಗ್ಲಾಸು ಮುಟ್ಟಿದವಳಲ್ಲ. "ಅವರು ನನ್ನ ಮುಟ್ಟಂಗಿಲ್ಲಂದ್ರ ನಾನೂ ಅವರ ಗ್ಲಾಸ್ ಮುಟ್ಟಂಗಿಲ್ಲ" ಎಂದು ತನ್ನ ಚಂಬಿನ ನೀರನ್ನೇ ಕುಡಿಯುತ್ತಿದ್ದಳು. ಚಹಾದ ಆಸೆಬುರುಕಿ ನಾನು. ಅಪ್ಪನ ಜೊತೆ ಹೋಗಿ ಹೊರಗಿನ ಗ್ಲಾಸಿನಲ್ಲಿ ಕುಡಿದು, ತೊಳೆದು, ಬೋರಲು ಹಾಕಿ ಬೆಳೆದವಳು. ಇದನ್ನು ನೆನಪಿಟ್ಟುಕೊಳ್ಳಿ.

ಊರು ಬಿಟ್ಟು ಯಾರೇ ಹೊರಡಲಿ, ದುರ್ಗವ್ವ ಅವರನ್ನು ಎದುರಿಗೆ ಕೂರಿಸಿಕೊಂಡು ಒಂದು ಪಾಠ ಒಪ್ಪಿಸುತ್ತಿದ್ದಳು. ಯಾವ ಊರಲ್ಲಿ ಯಾರ ಬಾಗಿಲಿಗೆ ಹೋದರೆ ನಮ್ಮಂಥವರಿಗೆ ನೀರು, ನೆರಳು, ಒಂದು ಚಾಪೆ ಸಿಗುತ್ತದೆ ಎಂಬ ಪಾಠ. "ಶಿಗ್ಗಾಂವ್ಯಾಗ ಹಲಗಿ ಬಾರಸೂ ನಿಂಗಪ್ಪನ ಮನಿ. ಸವಣೂರಾಗ ಎಲಿ ಮಾರೂ ಹಸೀನಾಬಿ ಮನಿ, ಆಕಿ ಬರೇ ನೀರು ಕೊಡಂಗಿಲ್ಲ, ಎಲಿ ಅಡಿಕಿನೂ ಕೊಡ್ತಾಳ. ಹಾನಗಲ್ಲಾಗ ಮರಿಯವ್ವನ ಮನಿ, ಆಕಿಗೆ ಕಿವಿ ಮಂದ, ಜೋರಾಗಿ ಕರೀರಿ. ಅಕ್ಕಿಆಲೂರಾಗ ಗಿರಣಿ ಹಿಂದ ಗಂಗವ್ವನ ಮನಿ. ಹಿರೇಕೆರೂರಾಗ ಯಾರೂ ಇಲ್ಲ. ಚಂಬು ತುಂಬಕೊಂಡು ಹೋಗ್ರಿ." ಪಾಠ ಯಾವಾಗಲೂ ಅಲ್ಲಿಗೇ ಮುಗಿಯುತ್ತಿತ್ತು. ಹಿರೇಕೆರೂರು ಎಂದರೆ ನೀರಿಲ್ಲದ ಊರು ಎಂದೇ ನಾನು ಬಹಳ ದಿನ ತಿಳಿದಿದ್ದೆ.

ನನಗೆ ಮಾಸ್ತರಿಕೆಯ ಆರ್ಡರು ಬಂದದ್ದು ಅದೇ ಹಿರೇಕೆರೂರು ತಾಲೂಕಿನ ಮಾಸೂರಿಗೆ. ಟಪಾಲು ತಡವಾಗಿ ಬಂದಿತ್ತು. ಮರುದಿನ ಬೆಳಿಗ್ಗೆ ಹತ್ತರೊಳಗೆ ಶಾಲೆಯಲ್ಲಿ ಹಾಜರಿ ಹಾಕದಿದ್ದರೆ ಆ ಜಾಗ ಮುಂದಿನವರ ಪಾಲು. ಕೇರಿಯಲ್ಲಿ ಸರಕಾರಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು ನಾನು. ಹೋಗಿ ಮುಟ್ಟಿದರೆ ಮಾತ್ರ. ಅಪ್ಪ ಜೊತೆಗೆ ಬರುತ್ತೇನೆಂದ, ಬೇಡವೆಂದೆ. ದುರ್ಗವ್ವ ಪಾಠ ಸುರುಮಾಡಿದಳು, "ಎಲ್ಲಾ ಗೊತ್ತೈತಿ ಬಿಡತ್ತಿ, ನಾ ಈಗ ಓದಿದಾಕಿ" ಅಂದೆ. ಚಂಬು ಕೊಟ್ಟಳು. ನನ್ನ ಹೊಸ ವ್ಯಾನಿಟಿ ಬ್ಯಾಗಿನಲ್ಲಿ ಅದು ಹಿಡಿಸಲಿಲ್ಲ. ನಿಜ ಹೇಳಬೇಕೆಂದರೆ, ಬ್ಯಾಗಿನ ಪಕ್ಕ ಚಂಬು ಹಿಡಿದುಕೊಂಡರೆ ನೈಲಾನು ಸೀರೆಯ ಅಂದ ಕೆಡುತ್ತದೆ ಅನ್ನಿಸಿತು. ಕಟ್ಟೆಯ ಮೇಲೆ ಬಿಟ್ಟು ಬಸ್ಸು ಹತ್ತಿದೆ. ಸಂಜೆಗೆ ಹಿರೇಕೆರೂರು ಮುಟ್ಟಿ, ಯಾವುದಾದರೂ ವಸತಿಗೃಹದಲ್ಲಿ ಇಳಿದುಕೊಳ್ಳುವ ಯೋಚನೆ. ಓದಿದವರಿಗೆ ಎಲ್ಲ ಬಾಗಿಲೂ ತೆರೆದಿರುತ್ತವೆ ಎಂದು ನಾನು ಓದಿದ್ದೆ.

ಅಕ್ಕಿಆಲೂರಿನಲ್ಲಿ ಬಸ್ಸು ಕೆಟ್ಟಿತು. ಮುಂದಿನದು ಬಂತು, ಕಾಲಿಡಲು ಜಾಗವಿರಲಿಲ್ಲ. ಅದರ ಮುಂದಿನದು ಬರಲೇ ಇಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನಾಲಿಗೆ ಒಣಗಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋದೆ. ಹೊರಗಿನ ಕಲ್ಲಿನ ಮೇಲೆ ಗಿರಣಿಯ ಕೆಲಸ ಮುಗಿಸಿದ ಒಬ್ಬ ಹೆಂಗಸು ಚಹಾ ಕುಡಿಯುತ್ತ ಕೂತಿದ್ದಳು, ತಲೆಗೂದಲಲ್ಲೆಲ್ಲ ತೌಡಿನ ಧೂಳು. ಅವಳನ್ನು ದಾಟಿ ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ.

"ಬರ್ರಿ ಬರ್ರಿ. ಟೀಚರಬಾಯರೇನ್ರಿ? ಯಾವೂರಾತ್ರಿ? ಯಾರ ಪೈಕಿ?" ಹೋಟೆಲಿನವನು ಕೇಳಿದ.

ಹುಟ್ಟಿದಾಗಿನಿಂದ ಆ ಪ್ರಶ್ನೆ ಕೇಳಿದ್ದೇನೆ. ಆದರೆ ಅಷ್ಟು ಮರ್ಯಾದೆಯಿಂದ ಯಾರೂ ಕೇಳಿರಲಿಲ್ಲ. ಆ ಮರ್ಯಾದೆ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. "ಗೌಡರ ಪೈಕಿರಿ" ಎಂದೆ. ಚಹಾ ಬಂತು, ತುಂಬಿದ ಗ್ಲಾಸು, ಟೇಬಲ್ಲಿನ ಮೇಲೆ. ಬದುಕಿನಲ್ಲಿ ಮೊದಲ ಸಲ ಒಳಗೆ ಕೂತು ಕುಡಿದ ಹೋಟೆಲಿನ ಚಹಾ ಅದು. ರುಚಿ ಏನೂ ಬೇರೆ ಇರಲಿಲ್ಲ.

ಕುಡಿದು ಎದ್ದೆ. ತಲೆಯಲ್ಲಿ ಬಸ್ಸಿನದೇ ಚಿಂತೆ. ಕೈ ತನ್ನ ಪಾಡಿಗೆ ತಾನು ಗ್ಲಾಸು ಎತ್ತಿಕೊಂಡಿತು. ಹೊರಗೆ ಬಂದು ಪೀಪಾಯಿಯ ನೀರಿನಿಂದ ಚೊಕ್ಕಟವಾಗಿ ತೊಳೆದೆ. ಸೂರಿನ ಕೆಳಗಿನ ಹಲಗೆಯ ಮೇಲೆ, ಉಳಿದ ಗ್ಲಾಸುಗಳ ಸಾಲಿನಲ್ಲಿ ಬೋರಲು ಹಾಕಿದೆ. ಸೆರಗಿಗೆ ಕೈ ಒರೆಸಿಕೊಂಡು ತಿರುಗಿ ನೋಡುತ್ತೇನೆ, ಇಡೀ ಹೋಟೆಲು ನನ್ನನ್ನೇ ನೋಡುತ್ತಿದೆ.

"ಗೌಡರ ಮನಿ ಹೆಣ್ಮಗಳು ಗ್ಲಾಸ್ ಯಾಕ ತೊಳದಿ?" ಹೋಟೆಲಿನವನ ಮಾತಿನಲ್ಲಿದ್ದ ಮರ್ಯಾದೆ ಆಗಲೇ ಹೋಗಿತ್ತು.

ಇನ್ನೊಂದು ಸುಳ್ಳು ಹೇಳಬಹುದಿತ್ತು, ಬಾಯಿಯವರೆಗೂ ಬಂದಿತ್ತು. ಆದರೆ ಕಟ್ಟೆಯ ಮೇಲೆ ಬಿಟ್ಟುಬಂದ ಚಂಬು ನೆನಪಾಯಿತು. ಈ ಅಂಗಡಿಯ ಮುಂದೆ ನೂರು ಸಲ ಹೊರೆ ಹೊತ್ತು ಹೋಗಿಯೂ ಈ ಗ್ಲಾಸು ಮುಟ್ಟದವಳ ನೆನಪಾಯಿತು. ನಾಚಿಕೆಯಾಯಿತು. ಸಿಕ್ಕಿಬಿದ್ದುದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ.

"ಗೌಡರಾಕಿ ಅಲ್ರಿ ನಾನು. ತಡಸದ ಕಸಬರಿಗಿ ದುರ್ಗವ್ವನ ತಮ್ಮನ ಮಗಳು. ಮಾಸೂರ ಸಾಲಿಗೆ ಟೀಚರಾಗಿ ಹೊಂಟೇನಿ." ದನಿ ನನ್ನದೇ ಹೌದೋ ಅಲ್ಲವೋ ಅನ್ನುವಷ್ಟು ಗಟ್ಟಿಯಾಗಿ ಬಂತು.

ಅವನು ಬೈಯುತ್ತ ಹಲಗೆಯ ಹತ್ತಿರ ಬಂದ. ಒಳಗಿನ ಗ್ಲಾಸನ್ನು ಬೇರೆ ಮಾಡಬೇಕಲ್ಲ. ಬಂದವನು ಹಾಗೇ ನಿಂತ. ಒಳಗಿನವು, ಹೊರಗಿನವು ಎಲ್ಲ ಒಂದೇ ಅಂಗಡಿಯಿಂದ ತಂದ ಗ್ಲಾಸುಗಳು. ಯಾವುದು ಎಲ್ಲಿಯದು, ಅವನಿಗೇ ತಿಳಿಯಲಿಲ್ಲ.

ಕಲ್ಲಿನ ಮೇಲಿದ್ದ ಹೆಂಗಸು ಎದ್ದು ಬಂದಳು. "ಯಾವದು ಒಳಗಿಂದು, ಆರಿಸ್ರಿ ನೋಡೂಣು" ಎಂದಳು. ಬೆಂಚಿನ ಮೇಲಿದ್ದ ಯಾರೋ ಕಿಸಕ್ಕೆಂದರು. ಅವಳು ತನ್ನ ಗ್ಲಾಸನ್ನೂ ತೊಳೆದು ಅದೇ ಸಾಲಿನಲ್ಲಿ ಬೋರಲು ಹಾಕಿ ನನ್ನ ಕೈ ಹಿಡಿದಳು. "ಗಂಗವ್ವ ಅಂತಾರ ನನಗ. ದುರ್ಗವ್ವನ ಮನಿ ಮಗಳಾಗಿ ನೆಟ್ಟಗ ನಮ್ಮ ಮನಿಗಿ ಬರೂದು ಬಿಟ್ಟು ಇಲ್ಲ್ಯಾಕ ಕುಂತಿ? ನಡಿ."

ಆ ಮನೆಯಲ್ಲಿ ಉಂಡ ರೊಟ್ಟಿ, ಪುಂಡಿಪಲ್ಯದ ರುಚಿ ಹೇಳಲು ಹೊರಟರೆ ಈ ಬರಹ ಮುಗಿಯುವುದಿಲ್ಲ. ಬೆಳಗಾಗುತ್ತಲೇ ಗಂಗವ್ವ ನನ್ನನ್ನು ಗಿರಣಿಯ ಅಕ್ಕಿ ಲಾರಿಯಲ್ಲಿ ಕೂರಿಸಿದಳು, ತಾನೂ ಹತ್ತಿದಳು. ಒಂದು ದಿನದ ಕೂಲಿ ಹೋಗುತ್ತದೆ, ಬೇಡ ಎಂದರೂ ಕೇಳಲಿಲ್ಲ. ದಾರಿಯಲ್ಲಿ ಒಂದೇ ಮಾತು ಆಡಿದಳು. "ಬಾಯಾರಿದಾಗ ಬಾಯಿ ಸುಳ್ಳ ಹೇಳತೈತಿ, ಅದಕ್ಕ ಮನಸಿಗೆ ಹಚ್ಕೋಬ್ಯಾಡ. ಕೈ ಸುಳ್ಳ ಹೇಳ್ಲಿಲ್ಲ ನೋಡು, ಅದು ಚಲೋ ಆತು." ಮಾಸೂರಿನ ಶಾಲೆಯಲ್ಲಿ ನಾನು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದಾಗ ಇನ್ನೂ ಹತ್ತಾಗಿರಲಿಲ್ಲ. ಹೊರಬಂದು ನೋಡಿದರೆ ಗೇಟಿನ ಹತ್ತಿರ ಗಂಗವ್ವ ನಿಂತೇ ಇದ್ದಳು. ಕೈ ಎತ್ತಿ ತೋರಿಸಿದೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಟಳು.

ಆ ಹೋಟೆಲಿನವನು ಹಲಗೆಯ ಗ್ಲಾಸುಗಳನ್ನೆಲ್ಲ ಎಸೆದು, ಹೊರಗಿನವರಿಗೆಂದು ಹಸಿರು ಗೆರೆಯ ಗ್ಲಾಸು ತಂದಿಟ್ಟನೆಂದು ಆಮೇಲೆ ಗಂಗವ್ವನೇ ಹೇಳಿದಳು. ಮನುಷ್ಯ ಅಷ್ಟು ಬೇಗ ಬದಲಾಗುವುದಿಲ್ಲ. ನಾನು ಮಾತ್ರ ಬದಲಾಗಿದ್ದೆ. ಮಾಸೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರಬಹುದೆಂದು ಹಿರೇಕೆರೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, ಯಾರ ಪೈಕಿ ಎಂದು ಅವರು ಕೇಳುವ ಮೊದಲೇ ಹೇಳಿಬಿಡುತ್ತಿದ್ದೆ. ಮೂರು ಮನೆ ಕೈತಪ್ಪಿದವು. ನಾಲ್ಕನೆಯದನ್ನು ಒಬ್ಬ ದರ್ಜಿ ಸಾಬರು ಕೊಟ್ಟರು.

ತಿಂಗಳಾದ ಮೇಲೆ ದುರ್ಗವ್ವ ಬಂದಳು, ತಲೆಯ ಮೇಲೆ ಹೊರೆ, ಕೈಯಲ್ಲಿ ಚಂಬು. ಅಂಗಳದಲ್ಲೇ ನಿಂತಳು, ರೂಢಿ. ಕೈ ಹಿಡಿದು ಒಳಗೆ ಕರೆದುಕೊಂಡೆ. ಮನೆಯೆಲ್ಲ ನೋಡಿದಳು, ನನ್ನ ಕುರ್ಚಿಯ ಮೇಲೆ ಕೂತು ಚಹಾ ಕುಡಿದಳು, ಎರಡು ಸಲ. ಹೋಗುವಾಗ ಚಂಬು ನೀರಿನ ಕೊಡದ ಪಕ್ಕ ಇಟ್ಟಳು.

"ಬಿಟ್ಟು ಹೊಂಟೀಯಲ್ಲತ್ತಿ?"

"ಇನ್ನ ಇದು ನನಗ್ಯಾಕ? ನಿನಗ ಬೇಕು, ಬಂದವರಿಗೆ ಕೊಡಾಕ" ಅಂದಳು.

ಬಂದರು. ಆಸ್ಪತ್ರೆಗೆ ಬಂದವರು, ಪರೀಕ್ಷೆ ಬರೆಯಲು ಬಂದ ಹುಡುಗಿಯರು, ಹಲಗೆ ಬಾರಿಸಲು ಮದುವೆಗೆ ಬಂದವರು. ಹತ್ತು ವರ್ಷ ಆ ಚಂಬು ಒಣಗಲಿಲ್ಲ. ಆಮೇಲೆ ಫಿಲ್ಟರು ಬಂತು, ಸ್ಟೀಲು ಬಂತು, ಚಂಬು ಅಟ್ಟ ಸೇರಿತು.

ನಿನ್ನೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಅವಳು ಎದ್ದು ಹೋಗಿ ಹೂ ತೆಗೆದಳು, ಚಂಬು ತೊಳೆದು ನೀರು ತುಂಬಿ ಬಾಗಿಲ ಬಳಿ ಇಟ್ಟಳು. ಒಳ್ಳೆಯವಳು ಎಂದು ಮೊದಲೇ ಹೇಳಿದೆನಲ್ಲ. ಆಮೇಲೆ, ದುರ್ಗವ್ವನ ಪಾಠ ಪೂರ್ತಿ ಹೇಳ್ರಿ ಎಂದಳು. ಹೇಳಿದೆ. ಸಾಯುವ ತನಕ ದುರ್ಗವ್ವ ತಡಸದ ಕಟ್ಟೆಯ ಮೇಲೆ ಕೂತು ಹೊರಟವರಿಗೆಲ್ಲ ಒಪ್ಪಿಸುತ್ತಿದ್ದ ಕೊನೆಯ ಸಾಲನ್ನು ಅವಳದೇ ದನಿಯಲ್ಲಿ ಹೇಳಿದೆ.

"ಅಕ್ಕಿಆಲೂರಾಗ ಗಿರಣಿ ಹಿಂದ ಗಂಗವ್ವನ ಮನಿ. ಹಿರೇಕೆರೂರಾಗ ನಮ್ಮ ಟೀಚರಬಾಯಿ ಮನಿ. ಚಂಬು ಬ್ಯಾಡ, ಹಂಗೇ ಹೋಗ್ರಿ."