ಕಹಕಶಾ ಅಕ್ಕೋರ ಚಿಕ್ಕಿ

ಕಹಕಶಾ ಎಂದರೆ ಆಕಾಶಗಂಗೆ. ಹೆಸರಿಟ್ಟವರಿಗೆ ಏನು ಗೊತ್ತಿತ್ತೋ, ನಮ್ಮ ರಾಯಬಾಗದ ಶಾಲೆಯ ಈ ಕಂಪ್ಯೂಟರ್ ಕಲಿಸುವ ಅಕ್ಕೋರು ಎರಡು ವರ್ಷ ಅದರಲ್ಲೇ ಮುಳುಗಿದ್ದರು. ದೂರದರ್ಶಕಗಳು ತೆಗೆದ ಆಕಾಶದ ಚಿತ್ರಗಳನ್ನು ಮಕ್ಕಳು ಎಳೆದಾಡಿ, ಹಿಗ್ಗಿಸಿ ನೋಡುವಂಥ ವೆಬ್ ಆಪ್ ಮಾಡಬೇಕು, ಅದೂ ಕನ್ನಡದಲ್ಲಿ ಎಂಬ ಹಟ. ನಮ್ಮ ಶಾಲೆಯ ಇಂಟರ್ನೆಟ್ಟೋ ಆಮೆಗೂ ಅಣ್ಣ. ಅದಕ್ಕೆ ಒಂದೊಂದು ಚಿತ್ರವನ್ನೂ ಸಾವಿರ ತುಣುಕು ಮಾಡಿ, ಕಣ್ಣೆದುರಿನ ತುಣುಕಷ್ಟೇ ಬರುವಂತೆ ಕೂಡಿಸಿದರು. ಹಗಲೆಲ್ಲ ಪಾಠ, ಸಂಜೆ ಈ ಕೆಲಸ, ಆಮೇಲೆ ಮನೆಗೆ ಶೇಡಬಾಳದ ಬಸ್ಸು. ಕಣ್ಣು ಸದಾ ಕೆಂಪು. "ಸಾಕಾಗೈತ್ರಿ ಸರ್," ಅನ್ನುವರು, ಮತ್ತೆ ಕೂರುವರು.

ಆಪಿನಲ್ಲಿ 'ನಕ್ಷತ್ರ' ಬಿಟ್ಟು ನಮ್ಮ ಕಡೆಯ ಮಾತು 'ಚಿಕ್ಕಿ' ಎಂದೇ ಹಾಕಿದ್ದರು. ಇಲ್ಲಿ ಮನೆಯೊಳಗೆ ಯಾರು ನಕ್ಷತ್ರ ಅನ್ನುತ್ತಾರೆ? ಶಾಲೆಯ ಕಸ ಗುಡಿಸುವ ಸುಂದರಕ್ಕ ಐವತ್ತರ ಹತ್ತಿರ ಅಕ್ಷರ ಕಲಿತವಳು. ಆಪಿನ ಹುಡುಕುವ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ 'ಚಿಕ್ಕಿ' ಎಂದು ಒತ್ತಿ, ಸ್ಕ್ರೀನಿನ ತುಂಬ ಬೆಳಕು ಬಂದಾಗ "ಅಯ್ಯ, ನಾ ಬರದದ್ದಕ್ಕ ಬಂತಲ್ರಿ!" ಎಂದು ಸೆರಗು ಬಾಯಿಗಿಟ್ಟುಕೊಂಡಿದ್ದಳು. ಅಂದಿನಿಂದ ದಿನಾ ಒಮ್ಮೆ ಒತ್ತದೆ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿದವಳಲ್ಲ. ಆ ಹೊತ್ತು ಮಾತ್ರ ಅಕ್ಕೋರ ಮುಖದಲ್ಲಿ ದಣಿವು ಕಾಣುತ್ತಿರಲಿಲ್ಲ.

ಕೆಡಿಸಿದವನು ನಾನು, ನಿಲೇಶ, ನಿಪ್ಪಾಣಿಯಿಂದ ಬಂದ, ಇದೇ ಶಾಲೆಯ ಮರಾಠಿ ಮಾಸ್ತರ. ಮರಾಠಿ ಮಕ್ಕಳಿಗೂ ಇರಲಿ ಎಂದು ಅವರು ಮರಾಠಿಗೆ ತರಲು ಆಪಿನ ಪದಗಳ ಪಟ್ಟಿ ಕೊಟ್ಟರೆ, ಪರೀಕ್ಷೆಯ ಪೇಪರು ನೋಡುತ್ತ ನೋಡುತ್ತಲೇ ಬರೆದು ಬಿಸಾಕಿದೆ. ನನಗೆ ಚಿಕ್ಕಿ ಎಂದರೆ ಬೆಲ್ಲ ಶೇಂಗಾದ್ದು, ಹಾಗೇ ಬರೆದೆ.

ಆಪನ್ನು ತರಗತಿಗೆ ಒಪ್ಪಬೇಕೋ ಬೇಡವೋ ಎಂದು ಆಡಳಿತ ಮಂಡಳಿಯವರು ನೋಡಲು ಬಂದರು. ಸ್ಕ್ರೀನಿನಲ್ಲಿ ಹೊಳೆಯುವ ಮೋಡ, ನಡುವೆ ಮಿನುಗುವ ಚುಕ್ಕೆ, ಅದರ ಕೆಳಗೆ ಮರಾಠಿಯಲ್ಲಿ 'ಶೇಂಗದಾಣ್ಯಾಚಿ ಚಿಕ್ಕಿ'!

"ಕಿಲೋ ಎಷ್ಟಕ್ಕ ಕೊಡ್ತೀರಿ ಟೀಚರ್?" ಎಂದರು ಒಬ್ಬರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೆಡ್‌ಮಾಸ್ತರ ಅಣ್ಣಾಸಾಬ ನಗಲಿಲ್ಲ. "ಈ ಆಡುಮಾತಿನ ಉಸಾಬರಿನ ಬ್ಯಾಡ್ರಿ. ಎಲ್ಲಾ ಕಡೆ ನಕ್ಷತ್ರ ಅಂತ ಹಾಕ್ರಿ, ನಾಳಿಂದ ಕ್ಲಾಸಿಗೆ ತಗೋರಿ."

ತಪ್ಪು ನನ್ನದೆಂದು ಹೇಳಿದೆ, ಆದರೆ ಗಂಟಲೊಳಗೇ ಹೇಳಿದೆ. ಕಹಕಶಾ ವಾದಿಸಲಿಲ್ಲ. ಅದಕ್ಕೆ ಬೇಕಾದ ತ್ರಾಣ ಅವರಲ್ಲಿ ಉಳಿದಿರಲಿಲ್ಲ. ಒಂದು ಗುಂಡಿ ಒತ್ತಿದರು. ನಾನೂರ ಹನ್ನೆರಡು ಕಡೆ ಚಿಕ್ಕಿ ಹೋಗಿ ನಕ್ಷತ್ರ ಬಂತು.

ಮರುದಿನ ಮಕ್ಕಳೆಲ್ಲ ಆಪ್ ನೋಡಿದರು. ಸಂಜೆ ಅಕ್ಕೋರು ಚೀಲ ಹೆಗಲಿಗೇರಿಸಿ ನಿಂತಾಗ, ನಾನೂ ಅಲ್ಲೇ ಇದ್ದೆ, ಸುಂದರಕ್ಕ ಬಂದು ಎಂದಿನಂತೆ 'ಚಿಕ್ಕಿ' ಎಂದು ಒತ್ತಿದಳು. 'ಏನೂ ಸಿಗಲಿಲ್ಲ' ಎಂದಿತು ಸ್ಕ್ರೀನು. ಅಳಿಸಿ ಮತ್ತೆ ಒತ್ತಿದಳು. ಮತ್ತೂ ಅದೇ.

"ನಂದ ತಪ್ಪಾಗೈತಿ ತಗೋರಿ ಅಕ್ಕೋರ," ಎಂದಳು. "ಈ ವಯಸ್ಸಿನಾಗ ಕಲತ ಅಕ್ಷರ, ಎಷ್ಟಂತ ನೆನಪಿರ್ತಾವ?" ಕಸಬರಿಗೆ ಎತ್ತಿಕೊಂಡಳು.

"ಇಲ್ಲ ಸುಂದರಕ್ಕಾ, ನೀವ ಸರಿ ಬರದೀರಿ," ಎಂದರು ಕಹಕಶಾ. ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು. "ನಿಲೇಶ ಸರ್, ನೀವೂ ನಿಮ್ಮ ಪಟ್ಟಿ ತಗೊಂಡು ಕುಂದರ್ರಿ. ಬಸ್ ಹೋದ್ರ ಹೋಗ್ಲಿ."